100 ಕಿಲೋ ದಾಟಿದ ಹಂದಿಗೆ ಕೊಡಗಿನ ಖರೀದಿದಾರರು ದರ ಇಳಿಸುವುದೇಕೆ?

ಕೊಬ್ಬು ಹೆಚ್ಚುತ್ತದೆ, ಅದಕ್ಕೇ. ಎಳೆ ಹಂದಿ ತಿಂದದ್ದು ಮೊದಲು ಮೂಳೆಗೆ, ಮಾಂಸಕ್ಕೆ ಹೋಗುತ್ತದೆ. 90–100 ಕಿಲೋ ಆಸುಪಾಸಿನಲ್ಲಿ ಮಾಂಸದ ಬೆಳವಣಿಗೆ ನಿಧಾನವಾಗಿ, ತಿಂದದ್ದು ಬೆನ್ನಿನ ಕೊಬ್ಬಾಗಿ ಕೂರುತ್ತದೆ. ಒಂದು ಕಿಲೋ ಮಾಂಸಕ್ಕಿಂತ ಒಂದು ಕಿಲೋ ಕೊಬ್ಬು ಕಟ್ಟಲು ಬಹಳ ಹೆಚ್ಚು ಆಹಾರ ಬೇಕು, ಹಾಗಾಗಿ ನಷ್ಟ ಸಾಕುವವರಿಗೂ ಹೌದು. ಕೊಡವರ ಹಂದಿಮಾಂಸದ ಅಡುಗೆಯಾದ ಪಂದಿ ಕರಿಗೆ ಚರ್ಮದಡಿ ಒಂದು ಪದರ ಕೊಬ್ಬು ಬೇಕೇ ಬೇಕು. ಆದರೆ ಅದಕ್ಕೆ ಹಾಕುವ ಕಪ್ಪು ಹುಳಿ, ಕಾಚಂಪುಳಿಯ ರುಚಿಯನ್ನೇ ಮುಚ್ಚುವಷ್ಟಲ್ಲ.

ತಕ್ಕಡಿ ಇಲ್ಲದಿದ್ದರೆ ಟೇಪು ಹಿಡಿಯಿರಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ. ಆಮೇಲೆ ಕಿವಿಗಳ ನಡುವಿಂದ ಬಾಲದ ಬುಡದವರೆಗಿನ ಉದ್ದದಿಂದ, ಕೊನೆಗೆ 69.3ರಿಂದ ಗುಣಿಸಿ. ಸುತ್ತಳತೆ 1.02, ಉದ್ದ 1.10 ಬಂದರೆ ಸುಮಾರು 79 ಕಿಲೋ. ಹಂದಿ ತಲೆ ತಗ್ಗಿಸಿದಾಗ ಅಳೆದರೆ ಲೆಕ್ಕ ತಪ್ಪುತ್ತದೆ.