ಸ್ಕ್ಯಾನರ್ ಮುಂದೆ ಕೈ ಎತ್ತಿ ನಿಂತಾಗ

ಪ್ರಶ್ನೆ: ವಿಮಾನ ನಿಲ್ದಾಣವೊಂದರ ತಪಾಸಣೆಯಲ್ಲಿ ಗಾಜಿನ ಗೂಡಿನಂಥ ಯಂತ್ರದೊಳಗೆ ಎರಡೂ ಕೈ ಮೇಲೆತ್ತಿ ನಿಲ್ಲಬೇಕಾಯಿತು. ಹೊರಬಂದ ಮೇಲೆ ಸಾಲಿನಲ್ಲಿದ್ದ ಎಲ್ಲರೆದುರಿಗೇ ನನ್ನ ಸೊಂಟವನ್ನು ತಡವಿ ನೋಡಿದರು. ಅಲ್ಲಿ ಬಟ್ಟೆಯ ಮಡಿಕೆಯ ಹೊರತು ಏನೂ ಇರಲಿಲ್ಲ. ಆ ಯಂತ್ರದಲ್ಲಿ ನನ್ನ ದೇಹ ಬೆತ್ತಲೆಯಾಗಿ ಕಾಣುತ್ತದೆಯೇ? ಸುರಕ್ಷತೆಯ ಹೆಸರಿನಲ್ಲಿ ಇದನ್ನೆಲ್ಲ ಸಹಿಸಲೇಬೇಕೆ?

ಉತ್ತರ: ನಿಮ್ಮ ಮೊದಲ ಅನುಮಾನಕ್ಕೆ ಆಧಾರವಿದೆ, ಆದರೆ ಅದು ಹಳೆಯ ಯಂತ್ರಗಳ ಕಾಲದ್ದು. 2009ರ ಡಿಸೆಂಬರ್ 25ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಪ್ರಯಾಣಿಕನೊಬ್ಬ ಒಳಉಡುಪಿನಲ್ಲಿ ಅಡಗಿಸಿ ತಂದಿದ್ದ ಸ್ಫೋಟಕವನ್ನು ಸಿಡಿಸಲು ಯತ್ನಿಸಿದ. ಲೋಹಶೋಧಕಕ್ಕೆ ಅಂಥ ವಸ್ತು ಸಿಗುವುದಿಲ್ಲವಾದ್ದರಿಂದ ಇಡೀ ದೇಹದ ಸ್ಕ್ಯಾನರ್‌ಗಳನ್ನು ಅಮೆರಿಕ ಆತುರಾತುರವಾಗಿ ಹೆಚ್ಚಿಸಿತು. ಆಗ ಬಳಕೆಯಲ್ಲಿದ್ದ ಎಕ್ಸ್-ರೇ ಯಂತ್ರಗಳು ದೇಹದ ಉಬ್ಬುತಗ್ಗುಗಳನ್ನೆಲ್ಲ ತೋರಿಸುತ್ತಿದ್ದವು, ಮತ್ತು ಬೇರೊಂದು ಕೋಣೆಯಲ್ಲಿ ಕುಳಿತ ಸಿಬ್ಬಂದಿ ಅದನ್ನು ನೋಡುತ್ತಿದ್ದರು. ಜನರ ಆಕ್ಷೇಪ ಜೋರಾದಾಗ, ನಿಜವಾದ ಚಿತ್ರದ ಬದಲು ಎಲ್ಲರಿಗೂ ಒಂದೇ ರೀತಿಯ ಬೊಂಬೆಯಾಕೃತಿಯನ್ನು ತೋರಿಸುವ ತಂತ್ರಾಂಶ ಇರಲೇಬೇಕೆಂದು ಅಲ್ಲಿನ ಸಂಸತ್ತು ವಿಧಿಸಿತು. ಅದನ್ನು ಅಳವಡಿಸಲಾಗದ ಯಂತ್ರಗಳು 2013ರಲ್ಲಿ ನಿಲ್ದಾಣಗಳಿಂದ ಹೊರಬಿದ್ದವು. ಸುರಕ್ಷತೆ ಬೇಕಾದರೆ ಮಾನ ಬಿಡಬೇಕೆಂಬ ವಾದ ಎಷ್ಟು ಪೊಳ್ಳು ಎಂಬುದಕ್ಕೆ ನಾನು ಕೊಡುವ ಉದಾಹರಣೆ ಇದೇ.

ನೀವು ನಿಂತದ್ದು ಬಹುಶಃ ಮಿಲಿಮೀಟರ್ ತರಂಗದ, ಅಂದರೆ ಎಕ್ಸ್-ರೇ ಬದಲು ಒಂದು ಬಗೆಯ ರೇಡಿಯೋ ತರಂಗ ಬಳಸುವ, ಯಂತ್ರದಲ್ಲಿ. ಅದರ ಪರದೆಯ ಮೇಲೆ ಮೂಡುವುದು ಬರಿಯ ಬೊಂಬೆಯ ರೇಖೆ, ಅನುಮಾನವಿದ್ದ ಜಾಗದಲ್ಲಿ ಒಂದು ಚಿಕ್ಕ ಹಳದಿ ಚೌಕ. ಬೆವರು, ಬಟ್ಟೆಯ ಮಡಿಕೆ ಇವಿಷ್ಟೇ ಸಾಕು, ಚೌಕ ಬೀಳುತ್ತದೆ. ಆಮೇಲಿನ ತಡವುವಿಕೆಯಲ್ಲಿಯೇ ಇಂದು ಹೆಚ್ಚಿನ ಮುಜುಗರವಿರುವುದು. ಕೃತಕ ಅಂಗ ಧರಿಸಿದವರಿಗೂ ಹೊಟ್ಟೆಯ ಮೇಲೆ ವೈದ್ಯಕೀಯ ಚೀಲ ಕಟ್ಟಿಕೊಂಡವರಿಗೂ ಇದು ಪ್ರತಿ ಪ್ರಯಾಣದ ಪಾಡು. ಅಮೆರಿಕದಲ್ಲಿ ಪ್ರತ್ಯೇಕ ಕೋಣೆಯನ್ನೂ ತಮ್ಮದೇ ಲಿಂಗದ ಸಿಬ್ಬಂದಿಯನ್ನೂ ಕೇಳಬಹುದು, ಜೊತೆಗೊಬ್ಬರನ್ನು ಕರೆದುಕೊಂಡೂ ಹೋಗಬಹುದು. ಯುರೋಪಿಯನ್ ಒಕ್ಕೂಟದ 2011ರ ನಿಯಮದ ಪ್ರಕಾರ ಸ್ಕ್ಯಾನರ್ ಬೇಡವೆನ್ನಬಹುದು, ಆದರೆ ಕೈಯಿಂದ ತಪಾಸಣೆಗೆ ಒಪ್ಪಬೇಕು. ಚಿತ್ರವನ್ನು ಉಳಿಸಿಕೊಳ್ಳುವುದನ್ನೂ ಅದು ನಿಷೇಧಿಸುತ್ತದೆ. ಕೇಳುವುದಾದರೆ ತಪಾಸಣೆ ಶುರುವಾಗುವ ಮೊದಲೇ ಕೇಳಿ. ಸಿಬ್ಬಂದಿ ಕೈಯಿಟ್ಟ ಮೇಲೆ ಕೇಳಿದರೆ ಅನುಮಾನಕ್ಕೆ ಎಡೆಯಾಗುತ್ತದೆ.

ಪ್ರಶ್ನೆ: ಹಾಗಾದರೆ ಮುಖ ಗುರುತಿಸುವ ಕ್ಯಾಮೆರಾ ವಾಸಿಯಲ್ಲವೇ? ಯಾರೂ ಮೈ ಮುಟ್ಟುವುದಿಲ್ಲ.

ಉತ್ತರ: ಮುಜುಗರದ ದೃಷ್ಟಿಯಿಂದ ಹೌದು. ಆದರೆ ಎರಡರ ಕೆಲಸ ಬೇರೆ: ಸ್ಕ್ಯಾನರ್ ನೀವು ಏನನ್ನು ಹೊತ್ತಿದ್ದೀರಿ ಎಂದು ನೋಡುತ್ತದೆ, ಕ್ಯಾಮೆರಾ ನೀವು ಯಾರೆಂದು ನೋಡುತ್ತದೆ. ಬೊಂಬೆಯ ರೇಖೆಗೆ ಹೆಸರಿಲ್ಲ. ಮುಖದ ಚಿತ್ರ ಪಾಸ್‌ಪೋರ್ಟಿನೊಂದಿಗೆ ತಳಕು ಹಾಕಿಕೊಂಡಿರುತ್ತದೆ. ಅಮೆರಿಕದ ಗಡಿ ತಪಾಸಣೆಯಲ್ಲಿ ಸ್ವಂತ ಪ್ರಜೆಗಳ ಚಿತ್ರವನ್ನು 12 ಗಂಟೆಯೊಳಗೆ ಅಳಿಸುವ ನಿಯಮವಿದ್ದರೆ, ಬಹುಪಾಲು ವಿದೇಶೀಯರ ಚಿತ್ರವನ್ನು 75 ವರ್ಷ ಇಟ್ಟುಕೊಳ್ಳಬಹುದು. ಒಂದೇ ಕ್ಯಾಮೆರಾ, ಒಂದೇ ಸಾಲು, ಹಿಂದುಮುಂದಾಗಿ ನಿಂತ ಇಬ್ಬರಿಗೆ ಇಷ್ಟು ಅಂತರ! ಆದ್ದರಿಂದ ಕ್ಯಾಮೆರಾದ ಮುಂದೆ ನಿಲ್ಲುವ ಮೊದಲು ಚಿತ್ರ ಎಷ್ಟು ಕಾಲ ಉಳಿಯುತ್ತದೆ, ಅದು ಯಾರ ಕೈಗೆ ಹೋಗುತ್ತದೆ, ಗುರುತಿನ ಚೀಟಿ ತೋರಿಸಿ ಹೋಗುವ ದಾರಿ ಇದೆಯೇ ಎಂಬ ಮೂರನ್ನು ಅಲ್ಲಿನ ಫಲಕದಲ್ಲಿ ಹುಡುಕಿ, ಫಲಕವಿಲ್ಲದಿದ್ದರೆ ಸಿಬ್ಬಂದಿಯನ್ನೇ ಕೇಳಿ.