ಟ್ರಂಬುಲ್ ಮಾಡಿದ್ದು ದ್ರೋಹವಲ್ಲ

ಪತ್ರ: ಸೆನೆಟರ್ ಲೈಮನ್ ಟ್ರಂಬುಲ್‌ನನ್ನು ಅಮೆರಿಕದ ಗುಲಾಮಗಿರಿ ತೊಡೆದವರ ಸಾಲಿನಲ್ಲಿ ನಿಲ್ಲಿಸಿದ್ದೀರಿ. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್‌ನನ್ನು 1868ರಲ್ಲಿ ಪದಚ್ಯುತಿಯಿಂದ ಉಳಿಸಿದವರಲ್ಲಿ ಆತನೂ ಒಬ್ಬ. ಅದು ಕಪ್ಪು ಜನರಿಗೆ ಬಗೆದ ದ್ರೋಹವಲ್ಲವೇ? —ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ದ್ರೋಹ ಎಂಬ ಮಾತನ್ನು ಒಪ್ಪಲಾರೆ.

ಟ್ರಂಬುಲ್ ವಕೀಲಿ ಮಾಡುತ್ತಿದ್ದ ಇಲಿನಾಯ್ ರಾಜ್ಯದಲ್ಲಿ ಗುಲಾಮಗಿರಿಗೆ ನಿಷೇಧವಿತ್ತು. ಆದರೂ ಹಳೆಯ ಫ್ರೆಂಚ್ ವಸಾಹತುಗಾರರ ಗುಲಾಮರ ಮಕ್ಕಳು, ಮೊಮ್ಮಕ್ಕಳಿಗೆ ಬಿಡುಗಡೆ ಸಿಕ್ಕಿರಲಿಲ್ಲ. ಅವರಲ್ಲೊಬ್ಬ, ಜೋಸೆಫ್ ಜರೋ, ಒಡತಿಯ ಮೇಲೆ ದಾವೆ ಹೂಡಿದ. ಅವನು ಕೇಳಿದ್ದು ದುಡಿಮೆಯ ಕೂಲಿ. ಕೂಲಿ ಸಲ್ಲಬೇಕಾದರೆ ಅವನು ಗುಲಾಮನಲ್ಲವೆಂದು ನ್ಯಾಯಾಲಯ ಮೊದಲು ಹೇಳಲೇಬೇಕಿತ್ತು! ಅವನ ಪರ ವಾದಿಸಿದವನು ಟ್ರಂಬುಲ್. 1845ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅಂಥವರೆಲ್ಲ ಸ್ವತಂತ್ರರೆಂದು ತೀರ್ಪಿತ್ತಿತು. ಮೂರು ವರ್ಷಗಳಲ್ಲಿ ಟ್ರಂಬುಲ್ ಅದೇ ನ್ಯಾಯಾಲಯದ ನ್ಯಾಯಮೂರ್ತಿಯಾದ.

ಸೆನೆಟ್ ಎಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆ; ಆಗ ಅದಕ್ಕೆ ಸದಸ್ಯರನ್ನು ಆರಿಸುತ್ತಿದ್ದವರು ರಾಜ್ಯದ ಶಾಸಕರು. 1855ರ ಆ ಚುನಾವಣೆಯ ಮೊದಲ ಸುತ್ತಿನಲ್ಲಿ ಲಿಂಕನ್‌ಗೆ 40ಕ್ಕೂ ಹೆಚ್ಚು ಮತ, ಟ್ರಂಬುಲ್‌ಗೆ ಐದೇ. ಗುಲಾಮಗಿರಿಯ ವಿಸ್ತರಣೆಗೆ ದಾರಿಬಿಡುವವರು ಗೆಲ್ಲಬಾರದೆಂದು ಲಿಂಕನ್ ತನ್ನ ಬೆಂಬಲಿಗರನ್ನು ಟ್ರಂಬುಲ್ ಕಡೆಗೆ ತಿರುಗಿಸಿದ; ಟ್ರಂಬುಲ್ ಗೆದ್ದ. ಆ ನಂಬಿಕೆ ಹುಸಿಯಾಗಲಿಲ್ಲ. ಗುಲಾಮಗಿರಿ ರದ್ದುಮಾಡಿದ, ಸಂವಿಧಾನದ 13ನೆಯ ತಿದ್ದುಪಡಿ ಸೆನೆಟ್‌ಗೆ ಬಂದದ್ದು ಟ್ರಂಬುಲ್ ಅಧ್ಯಕ್ಷನಾಗಿದ್ದ ನ್ಯಾಯಾಂಗ ಸಮಿತಿಯಿಂದ. 1866ರ ನಾಗರಿಕ ಹಕ್ಕುಗಳ ಮಸೂದೆಯೂ ಆತನದೇ.

ಅದಕ್ಕೆ ಅಂಕಿತ ಹಾಕದೆ ಹಿಂದಿರುಗಿಸಿದವನು ಇದೇ ಜಾನ್ಸನ್. ಸೇಡು ತೀರಿಸಿಕೊಳ್ಳಲು ಟ್ರಂಬುಲ್‌ಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಆದರೆ ಸೆನೆಟ್ ನಡೆಸಿದ ವಿಚಾರಣೆಯ ಮುಖ್ಯ ಆರೋಪ, ಸೆನೆಟ್ ಒಪ್ಪಿಗೆಯಿಲ್ಲದೆ ಯುದ್ಧ ಕಾರ್ಯದರ್ಶಿ ಸ್ಟಾಂಟನ್‌ನನ್ನು ತೆಗೆದುಹಾಕಿದ್ದು. ಅದು ಸಾಲದೆಂದು ಈ ಹಳೆಯ ನ್ಯಾಯಮೂರ್ತಿಗೆ ಅನಿಸಿತು. ಇಷ್ಟಕ್ಕೇ ಇಳಿಸಿದರೆ, ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನೊಡನೆ ಭಿನ್ನಾಭಿಪ್ರಾಯವಿರುವ ಯಾವ ಅಧ್ಯಕ್ಷನಿಗೂ ಮುಂದೆ ಉಳಿಗಾಲವಿಲ್ಲ ಎಂಬುದು ಆತನ ವಾದ. ಪದಚ್ಯುತಿಯ ಪರ 35 ಮತ, ವಿರುದ್ಧ 19; ಮೂರನೆಯ ಎರಡರಷ್ಟು ಬಹುಮತಕ್ಕೆ ಒಂದೇ ಮತ ಕಡಿಮೆ.

ನಾನು ಆತನನ್ನು ಕ್ಷಮಿಸಲಾರದ್ದು ಬೇರೆ ಕಡೆ. ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿದ ಗುಪ್ತ ಸಂಘಟನೆ ಕೂ ಕ್ಲುಕ್ಸ್ ಕ್ಲಾನ್ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮತದಾರರನ್ನು ಕೊಲ್ಲುತ್ತಿದ್ದಾಗ, ಅದನ್ನು ಹತ್ತಿಕ್ಕುವ 1871ರ ಕಾಯ್ದೆಯನ್ನು ರಾಜ್ಯಗಳ ಅಧಿಕಾರದ ಹೆಸರಿನಲ್ಲಿ ಟ್ರಂಬುಲ್ ವಿರೋಧಿಸಿದ. ತಾನೇ ಬರೆದ ಹಕ್ಕುಗಳಿಗೆ ಕಾವಲು ಬೇಕಾದ ಹೊತ್ತಿನಲ್ಲಿ ಹಿಂದೆ ಸರಿದ. ನಿಮ್ಮ ಸಿಟ್ಟು ಸಲ್ಲಬೇಕಾದದ್ದು ಅಲ್ಲಿಗೆ.

ಆದರೂ 1895ರಲ್ಲಿ, 81ನೆಯ ವಯಸ್ಸಿನಲ್ಲಿ, ರೈಲ್ವೆ ಮುಷ್ಕರದ ನಾಯಕ ಯೂಜೀನ್ ಡೆಬ್ಸ್ ಪರವಾಗಿ ಟ್ರಂಬುಲ್ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ನಿಂತ. ಜೊತೆಗಿದ್ದವರಲ್ಲಿ ತರುಣ ವಕೀಲ ಕ್ಲಾರೆನ್ಸ್ ಡ್ಯಾರೋ ಒಬ್ಬ. ಸೋತರು. ಮರುವರ್ಷ ಜೂನ್‌ನಲ್ಲಿ ಟ್ರಂಬುಲ್ ಶಿಕಾಗೋದಲ್ಲಿ ತೀರಿಕೊಂಡ.