ಬಕೆಟ್ ತುಂಬ ನೀರಿದ್ದರೂ ಮೆಣಸಿನ ಗಿಡ ಜೋಲುವುದೇಕೆ?

ಪ್ರಶ್ನೆ: ನಮ್ಮದು ರಾಯಚೂರು. ಮಾಳಿಗೆ ಮೇಲೆ 20 ಲೀಟರಿನ ಎರಡೆರಡು ಪೇಂಟ್ ಬಕೆಟ್ ಒಂದರೊಳಗೊಂದು ಇಟ್ಟು, ತಾನೇ ನೀರು ಕುಡಿಯುವ ಕುಂಡ ಮಾಡಿದ್ದೇನೆ. ಮೇಲಿನದರಲ್ಲಿ ಹೊಲದ ಎರೆ ಮಣ್ಣು ತುಂಬಿ ಆರು ಮೆಣಸಿನಕಾಯಿ ಗಿಡ ಹಚ್ಚಿದೆ. ಕೆಳಗಿನ ಬಕೆಟ್ಟಿಗೆ ಆರ್‌ಒ ಮಶಿನ್ ಹೊರಗೆ ಬಿಡುವ ನೀರು ಹಾಕುತ್ತೇನೆ. ಆದರೂ ಮಧ್ಯಾಹ್ನ ಗಿಡ ಜೋಲುತ್ತವೆ, ಕೆಳಗಿನ ಎಲೆ ಹಳದಿಯಾಗಿವೆ, ಹೂ ಉದುರುತ್ತಿವೆ. ಮಣ್ಣಿನ ಮೇಲೆ ಸುಣ್ಣದಂಥ ಪದರ ಕಟ್ಟಿದೆ. ನೀರು ಇನ್ನೂ ಜಾಸ್ತಿ ಹಾಕಬೇಕೇ?

ಉತ್ತರ: ಬೇಡ, ದಯವಿಟ್ಟು ಹಾಕಬೇಡಿ. ನಿಮ್ಮ ಗಿಡಕ್ಕೆ ನೀರು ಕಡಿಮೆಯಾಗಿಲ್ಲ, ಉಸಿರು ಕಟ್ಟಿದೆ.

ತೀರಾ ಸೊರಗಿದ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ ಬೇರು ನೋಡಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಬೇರು ಚೆನ್ನಾಗಿದೆ. ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಕೊಳೆತಿದೆ ಎಂದೇ ಅರ್ಥ. ಕೊಳೆತ ಬೇರು ನೀರು ಎಳೆಯಲಾರದು. ಅದಕ್ಕೇ ಕೆಳಗೆ ನೀರಿದ್ದೂ ಗಿಡ ಜೋಲುತ್ತದೆ.

ಮೊದಲ ತಪ್ಪು ಎರೆ ಮಣ್ಣು. ಹೊಲದಲ್ಲಿ ಅದು ಬಂಗಾರ, ನಿಜ. ಬಕೆಟ್ಟಿನಲ್ಲಿ ಮಾತ್ರ ಸದಾ ಒದ್ದೆಯಾಗಿ ಉಬ್ಬಿ, ಗಾಳಿಗೆ ಜಾಗವೇ ಬಿಡುವುದಿಲ್ಲ. ಅದನ್ನು ಪೂರ್ತಿ ತೆಗೆಯಿರಿ. ಎರಡು ಪಾಲು ತೊಳೆದ ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು ಸೇರಿಸಿ ತುಂಬಿ. ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್‌ಗಳಲ್ಲಿ ಹೊಟ್ಟಿಗೇನೂ ಬರವಿಲ್ಲ. ಹೊಟ್ಟು ಕರ್ರಗಾದಾಗಲೇ ನೀರು ಚಿಮುಕಿಸಿ ಆರಿಸಿ, ಬಿಳಿ ಬೂದಿಯಾಗಲು ಬಿಡಬೇಡಿ.

ಎರಡನೆಯದು, ಗಾಳಿಯ ಜಾಗ. ಎರಡು ಬಕೆಟ್‌ಗಳ ತಳದ ನಡುವೆ ನಾಲ್ಕು ಇಂಚು ಇರಲಿ. ಮೇಲಿನ ಬಕೆಟ್ಟಿನ ತಳಕ್ಕಿಂತ ಅರ್ಧ ಇಂಚು ಕೆಳಗೆ, ಹೊರಗಿನ ಬಕೆಟ್ಟಿಗೆ ಒಂದು ತೂತು ಕೊರೆಯಿರಿ. ನೀರು ಹೆಚ್ಚಾದರೆ ಅಲ್ಲಿಂದ ಹೊರಗೆ ಹೋಗಬೇಕು. ನೀರಿಗೆ ಮುಟ್ಟುವುದು ಮೇಲಿನ ಬಕೆಟ್ಟಿನ ತಳದಿಂದ ಕೆಳಗಿಳಿಬಿಟ್ಟ, ತೂತು ಮಾಡಿದ ಒಂದು ಸಣ್ಣ ಡಬ್ಬಿ ಮಾತ್ರ. ಅದರಲ್ಲಿ ತುಂಬಿದ ಕೋಕೊಪೀಟ್ ಬತ್ತಿಯ ಹಾಗೆ ನೀರನ್ನು ಮೇಲೆಳೆಯುತ್ತದೆ. ಹೊರಗಿನ ಬಕೆಟ್ಟಿನ ತೂತಿಗೂ ನೀರು ತುಂಬುವ ಪೈಪಿನ ಬಾಯಿಗೂ ಸೊಳ್ಳೆ ಪರದೆಯ ಚೂರು ಕಟ್ಟಲೇಬೇಕು. ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದ ಹಾಗೆ.

ಇನ್ನು ಆ ಬಿಳಿ ಪದರ. ಅದು ಉಪ್ಪು. ಮಶಿನ್ ಅರ್ಧ ನೀರು ಹೊರಗೆ ಬಿಡುತ್ತದೆ ಅಂದುಕೊಳ್ಳಿ. ನೀವು ಕುಡಿಯುವ ಅರ್ಧದಿಂದ ತೆಗೆದ ಉಪ್ಪೂ ಈ ಅರ್ಧಕ್ಕೇ ಸೇರುತ್ತದೆ. ಬೋರ್‌ವೆಲ್ ನೀರು ಮೊದಲೇ ಸವಳು, ಈಗ ಹತ್ತಿರ ಹತ್ತಿರ ಎರಡು ಪಟ್ಟು ಸವಳು. ನೀರು ವ್ಯರ್ಥವಾಗಬಾರದು ಎಂಬ ನಿಮ್ಮ ಕಾಳಜಿ ಒಳ್ಳೆಯದೇ, ಅದರಲ್ಲಿ ನೆಲ ಒರೆಸಿ. ಸಾಧಾರಣ ಕುಂಡದಲ್ಲಿ ಮೇಲೆ ಹಾಕಿದ ನೀರು ಉಪ್ಪನ್ನು ತೊಳೆದುಕೊಂಡು ಕೆಳಗೆ ಹೋಗುತ್ತದೆ. ಇಲ್ಲಿ ನೀರು ಕೆಳಗಿಂದ ಮೇಲೇರಿ ಆರಿಹೋಗುತ್ತದೆ, ಉಪ್ಪು ಮೇಲೆಯೇ ಕೂರುತ್ತದೆ. ಮೆಣಸಿನ ಗಿಡ ಉಪ್ಪು ತಾಳುವುದಿಲ್ಲ. ನಲ್ಲಿ ನೀರನ್ನೇ ಕೊಡಿ. ತಿಂಗಳಿಗೊಮ್ಮೆ ಪದರ ಕೆರೆದು ತೆಗೆದು, ಮೇಲಿನಿಂದ ಎಂಟು ಹತ್ತು ಲೀಟರ್ ಸಿಹಿ ನೀರು ನಿಧಾನವಾಗಿ ಸುರಿದು, ಕೆಳಗಿನ ಬಕೆಟ್ ಬಗ್ಗಿಸಿ ಚೆಲ್ಲಿ. ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಚೆಂದ.

ಹೂ ಉದುರುವುದಕ್ಕೆ ಬಿಸಿಲೂ ಕಾರಣ. 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇದ್ದರೆ ಹೂ ನಿಲ್ಲುವುದು ಕಷ್ಟ. ಬೇಸಿಗೆಯಲ್ಲಿ ಶೇ 50ರ ನೆರಳು ಪರದೆ ಕಟ್ಟಿ, ಬಕೆಟ್ಟಿಗೆ ಸುಣ್ಣ ಬಳಿಯಿರಿ.

ಬೇರು ಕೊಳೆತ ಗಿಡ ಕಿತ್ತು ಎಸೆಯಿರಿ. ಬೇರು ಬೆಳ್ಳಗಿರುವವನ್ನು ಒಂದಡಿ ಎತ್ತರಕ್ಕೆ ಕತ್ತರಿಸಿ, ಸಂಜೆ ಹೊತ್ತು ಹೊಸ ಮಿಶ್ರಣಕ್ಕೆ ಹಚ್ಚಿ. ಮೊದಲ ಒಂದು ವಾರ ಮೇಲಿನಿಂದಲೇ ಸ್ವಲ್ಪ ಸ್ವಲ್ಪ ನೀರು ಕೊಡಿ. ಹೊಸ ಚಿಗುರು ಕಂಡ ಮೇಲೆ ಕೆಳಗಿನ ಬಕೆಟ್ ತುಂಬಿ.